ಓದುಗರ ಪ್ರಶ್ನೆ: ಹಳದಿ ಎಚ್ಚರಿಕೆ ಬಂದರೂ ನಮ್ಮ ಹೊಲಕ್ಕೆ ಮಳೆ ಬರಲಿಲ್ಲವೇಕೆ?

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಗೆ ಮಳೆಯ ಹಳದಿ ಎಚ್ಚರಿಕೆ ಇದೆ ಎಂದು ಮೊಬೈಲಿಗೆ ಬಂದುದನ್ನು ನಂಬಿ ಶೇಂಗಾ ಬಿತ್ತಿದೆ. ಪಕ್ಕದ ಊರಿಗೆ ಹದ ಮಳೆಯಾಯಿತು, ನಮ್ಮ ಹೊಲಕ್ಕೆ ಹನಿಯೂ ಬೀಳಲಿಲ್ಲ. ಇಂಥ ಮುನ್ಸೂಚನೆಯಿಂದ ಯಾರಿಗೆ ಉಪಯೋಗ?
– ಶೇಂಗಾ ಬೆಳೆಗಾರರು, ಚಳ್ಳಕೆರೆ ತಾಲ್ಲೂಕು

ಉತ್ತರ: ಬಿತ್ತನೆ ಬೀಜದ ಖರ್ಚು ಎಷ್ಟೆಂದು ಬಲ್ಲವರಿಗೆ ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಎಚ್ಚರಿಕೆಯ ಬಣ್ಣ ಬಿತ್ತನೆಗೆಂದು ಕೊಟ್ಟ ಸಲಹೆಯಲ್ಲ. ಹವಾಮಾನ ಇಲಾಖೆಯ ಪ್ರಕಾರ ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಜಿಲ್ಲೆಯ ಯಾವುದಾದರೂ ಭಾಗದಲ್ಲಿ ಅಪಾಯ ಒದಗಬಹುದೆಂದು ಜನರನ್ನೂ ಆಡಳಿತವನ್ನೂ ಎಚ್ಚರಿಸುವುದೇ ಅದರ ಉದ್ದೇಶ. ಪ್ರತಿ ಹೊಲಕ್ಕೂ ಮಳೆಯ ಭರವಸೆ ಕೊಡುವುದಲ್ಲ.

ನಮ್ಮ ಬಯಲುಸೀಮೆಯಲ್ಲಿ ಮಧ್ಯಾಹ್ನದ ಕಾವಿಗೆ ಎದ್ದು ಸಂಜೆ ಸುರಿಯುವ ಗುಡುಗಿನ ಮೋಡಗಳು ಕೆಲವೇ ಕಿಲೋಮೀಟರ್ ಅಗಲ ಇರುತ್ತವೆ. ಮುನ್ಸೂಚನೆಯ ಲೆಕ್ಕ ಹಾಕುವ ಇಲಾಖೆಯ ಗಣಕ ಮಾದರಿ ನೆಲವನ್ನು ಸುಮಾರು 12 ಕಿ.ಮೀ. ಚೌಕಗಳಾಗಿ ನೋಡುತ್ತಿತ್ತು, 2025ರಲ್ಲಿ ಬಳಕೆಗೆ ಬಂದ ಹೊಸ ವ್ಯವಸ್ಥೆ 6 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಆದರೂ ಒಂದು ಚೌಕದೊಳಗೇ ಒಂದು ಊರು ನೆನೆದು ಮತ್ತೊಂದು ಊರು ಒಣಗಿರಬಹುದು. ಇದರ ಜೊತೆಗೆ, ಆರಂಭದ ಅಳತೆಯಲ್ಲಿನ ಕೂದಲೆಳೆಯಷ್ಟು ವ್ಯತ್ಯಾಸವೂ ಕೆಲವು ದಿನಗಳಲ್ಲಿ ಬೆಳೆದು ಫಲಿತಾಂಶವನ್ನೇ ಬದಲಿಸುತ್ತದೆ ಎಂದು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿಕೊಟ್ಟರು. ಆದ್ದರಿಂದಲೇ ಈಗ ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಹತ್ತಾರು ಬಾರಿ ಮಾಡಿ, ಎಷ್ಟು ಬಾರಿ ಮಳೆ ಬಂತೆಂದು ನೋಡಿ ಸಾಧ್ಯತೆಯನ್ನು ಹೇಳುತ್ತಾರೆ.

ಮಳೆಯ ಸಾಧ್ಯತೆ ನೂರಕ್ಕೆ ಅರವತ್ತು ಎಂದಿಟ್ಟುಕೊಳ್ಳಿ. ಔಷಧಿ ಹೊಡೆಯುವುದನ್ನು ಒಂದು ದಿನ ಮುಂದಕ್ಕೆ ಹಾಕಲು ಅಷ್ಟು ಸಾಕು. ಮಳೆ ಬಾರದಿದ್ದರೂ ನಷ್ಟ ಹೆಚ್ಚಿಲ್ಲ. ಬಿತ್ತನೆಗೆ ಅಷ್ಟು ಸಾಲದು, ಏಕೆಂದರೆ ತಪ್ಪಿದರೆ ಬೀಜವೇ ಹೋಗುತ್ತದೆ. ಅಲ್ಲಿ ಬರಲಿರುವ ಮಳೆಗಿಂತ ಬಿದ್ದ ಮಳೆಯನ್ನು ನಂಬಬೇಕು: ಕೂರಿಗೆ ಇಳಿಯುವ ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಿ, ಹಸಿ ಕೈಗೆ ತಾಗಿದ ಮೇಲೆಯೇ ಬೀಜ ಹಾಕಬೇಕು. ಮುನ್ಸೂಚನೆ ಒಂದೇ ಆದರೂ, ತಪ್ಪಿದಾಗ ಆಗುವ ನಷ್ಟವನ್ನು ತೂಗಿ ನೋಡಿದಾಗ ತೀರ್ಮಾನ ಬೇರೆಯಾಗುತ್ತದೆ.

ಜೀವದ ಪ್ರಶ್ನೆ ಬಂದಾಗ ಈ ತೂಕ ಇನ್ನೂ ಸ್ಪಷ್ಟ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಅಪ್ಪಳಿಸುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ಹತ್ತಾರಕ್ಕೆ ಇಳಿಯಿತು. ಹೀಗೆ ಹೊರಟವರಲ್ಲಿ ಎಷ್ಟೋ ಜನರ ಮನೆಗೆ ಏನೂ ಆಗಿರಲಿಕ್ಕಿಲ್ಲ. ಆದರೂ ಅವರನ್ನು ಹೊರಡಿಸಿದ್ದು ಸರಿಯೇ.

ಪ್ರಶ್ನೆ: ನಮ್ಮವರು ಕುರಿ ಮೇಯಿಸಲು ಅಡವಿಗೆ ಹೋಗುತ್ತಾರೆ. ಸಿಡಿಲು ಮರಕ್ಕೆ ಹೊಡೆದರೆ ಕೆಳಗಿದ್ದ ಕುರಿಗಳೆಲ್ಲ ಒಟ್ಟಿಗೆ ಸಾಯುವುದೇಕೆ?
– ಓದುಗ ತಾಯಿಯೊಬ್ಬರು, ಹಿರಿಯೂರು ತಾಲ್ಲೂಕು

ಉತ್ತರ: ಮರದಿಂದ ಇಳಿದ ವಿದ್ಯುತ್ತು ನೆಲದಲ್ಲಿ ಸುತ್ತಲೂ ಹರಡುತ್ತದೆ. ಕುರಿಯ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ಅದು ಒಂದು ಕಾಲಿನಿಂದ ಏರಿ, ಎದೆಯನ್ನು ಹಾದು, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಆದ್ದರಿಂದ ಒಂಟಿ ಹುಣಸೆ, ಬೇವಿನ ಮರದಡಿ ಯಾರೂ ನಿಲ್ಲಬಾರದು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಕೂಡಲೇ ಗಟ್ಟಿ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಬಗ್ಗೆ ಎಚ್ಚರಿಸುತ್ತದೆ. ಹಟ್ಟಿಯ ಒಬ್ಬರ ಮೊಬೈಲಿನಲ್ಲಾದರೂ ಅದು ಇರಲಿ. ಅಡವಿಗೆ ಹೋದವರಿಗೆ ಅವರು ಫೋನ್ ಮಾಡಿ ತಿಳಿಸಬಹುದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳಿಂದ ಮಳೆಯ ಲೆಕ್ಕ ಬರೆಸುತ್ತೇವೆ. ಪಂಚಾಯಿತಿಯಲ್ಲೇ ಸ್ವಯಂಚಾಲಿತ ಮಳೆಮಾಪಕ ಇರುವಾಗ ಇದಕ್ಕೆ ಬೆಲೆಯಿದೆಯೇ?
– ಶಿಕ್ಷಕರು, ಹೊಳಲ್ಕೆರೆ

ಉತ್ತರ: ಖಂಡಿತ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳ ಅಂಕಿಗಳು ಬರ ಘೋಷಣೆಯಂಥ ತೀರ್ಮಾನಗಳಿಗೆ ಆಧಾರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದರೆ ಯಂತ್ರದ ಬಾಯಿಗೆ ಒಂದು ಒಣಗಿದ ಎಲೆ ಅಡ್ಡ ಬಂದರೂ ಲೆಕ್ಕ ತಪ್ಪುತ್ತದೆ. ಆಗ ಹತ್ತಿರದ ಇನ್ನೊಂದು ದಾಖಲೆ ಅದನ್ನು ತೋರಿಸಿಕೊಡುತ್ತದೆ.

ಹಳೆಯ ದಾಖಲೆಗಳ ಬೆಲೆಯನ್ನು ನಮ್ಮ ಮಾರಿಕಣಿವೆ ಜಲಾಶಯವೇ, ಅಂದರೆ ವಾಣಿ ವಿಲಾಸ ಸಾಗರವೇ, ಹೇಳುತ್ತದೆ. 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ ಬೆಳೆದವರಿಗೆ ಕೋಡಿಯ ನೀರು ಹರಿಯುವ ದಾರಿ ಬರೀ ಒಣ ನೆಲವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ; ಅದು ನೀರಿನ ದಾರಿಯೆಂದು ನೆನಪಿಟ್ಟಿದ್ದು ದಾಖಲೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹೀಗೆ ಬಿಸಿಯಾಗುತ್ತಿರುವ ಕಾಲದಲ್ಲಿ ಸೇತುವೆ, ಕೆರೆ ಏರಿ, ಮೋರಿಗಳನ್ನು ಎಷ್ಟು ಮಳೆಗೆ ಕಟ್ಟಬೇಕೆಂದು ನಿರ್ಧರಿಸಲು ಹಳೆಯ ಅಂಕಿಗಳೂ ಬೇಕು, ಹೊಸವೂ ಬೇಕು.

ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ರಜಾದಿನಗಳಲ್ಲೂ ತಪ್ಪದೆ ಅಳೆಯುವಂತೆ ಹತ್ತಿರದ ಮನೆಯ ಮಕ್ಕಳಿಗೆ ಪಾಳಿ ಹಾಕಿಕೊಡಿ. ಮಳೆ ಬಾರದ ದಿನ ಸೊನ್ನೆ ಬರೆಸಿ, ಅಳೆಯಲಾಗದ ದಿನ ಮಾತ್ರ ಜಾಗ ಖಾಲಿ ಬಿಡಿಸಿ.