ಬಿಳಿಯೋ, ಗುಲಾಬಿಯೋ, ತಿಳಿನೀಲಿಯೋ? ವಾಚು ಕಟ್ಟುವವರ ಪ್ರಶ್ನೋತ್ತರ

ಪ್ರಶ್ನೆ: ಪ್ರಮೋಷನ್ ಆಯಿತು. ಬಹಳ ದಿನದ ಆಸೆ, ಟ್ಯೂಡರ್ ಬ್ಲ್ಯಾಕ್ ಬೇ ಕ್ರೊನೊ, ಅದೇ ಸ್ಟಾಪ್‌ವಾಚ್ ಇರುವ (ಕ್ರೊನೊಗ್ರಾಫ್) ಸ್ವಿಸ್ ವಾಚು. ಬಿಳಿ ಡಯಲ್‌ನದು ತಗೊಳ್ಳೋಣ ಅಂತ ಶೋರೂಮಿಗೆ ಹೋದರೆ ಗುಲಾಬಿ ಮತ್ತು ಫ್ಲೆಮಿಂಗೊ ಬ್ಲೂ ಅನ್ನೋ ತಿಳಿನೀಲಿ ಎರಡನ್ನೂ ತೋರಿಸಿ ತಲೆ ಕೆಡಿಸಿದರು. ಹೆಂಡತಿ ತಿಳಿನೀಲಿ ಅನ್ನುತ್ತಾಳೆ. ಅಣ್ಣ ಗುಲಾಬಿ ನೋಡಿ ನಕ್ಕ. ನನ್ನ ಹತ್ತಿರ ಬೇರೆ ಇರುವುದು ಅಪ್ಪನ ಹಳೇ ಎಚ್‌ಎಂಟಿ ಮಾತ್ರ, ಅದು ಹಬ್ಬಕ್ಕಷ್ಟೇ. ಯಾವುದು ತಗೊಳ್ಳಲಿ ಸರ್?
— ಓದುಗರು, ಮೈಸೂರು

ಉತ್ತರ: ಬಿಳಿ ತಗೊಳ್ಳಿ. ಇಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಬಹುದಿತ್ತು, ಆದರೆ ಲಕ್ಷಗಟ್ಟಲೆ ದುಡ್ಡು ಹಾಕುವವರಿಗೆ ಕಾರಣವನ್ನೂ ಹೇಳಬೇಕು ಅಲ್ವಾ.

ಮೂರರ ಒಳಗೂ ಇರುವುದು ಒಂದೇ ಯಂತ್ರ, ಎಂಟಿ5813. ಬ್ರೈಟ್ಲಿಂಗ್ ಅನ್ನುವ ಇನ್ನೊಂದು ವಾಚು ಕಂಪನಿಯ ಬಿ01 ಯಂತ್ರವನ್ನು ಟ್ಯೂಡರ್ ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದೆ. ಪೂರ್ತಿ ಕೀಲಿ ತುಂಬಿದ್ದರೆ ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ ಕಟ್ಟಿದರೂ ನಿಂತಿರುವುದಿಲ್ಲ. ಮೂರೂ 41 ಮಿ.ಮೀ. ಅಗಲ, ಮೂರೂ 200 ಮೀಟರ್ ನೀರು ತಡೆಯುತ್ತವೆ, ಮೂರಕ್ಕೂ ಐದು ವರ್ಷ ಗ್ಯಾರಂಟಿ. ಹಾಗಾಗಿ ಶೋರೂಮಿನವರು ಒಂದನ್ನು 'ಸ್ಪೆಷಲ್' ಅಂದರೆ, ಸ್ಪೆಷಲ್ ಆಗಿರುವುದು ಬಣ್ಣ ಮತ್ತು ಚೈನು. ಗುಲಾಬಿ ಮತ್ತು ಫ್ಲೆಮಿಂಗೊ ಬರುವುದು ಐದು ಕೊಂಡಿಯ ಚೈನಿನಲ್ಲಿ, ಅದರ ಲಾಕಿನ ಒಳಗೆ ಯಾವ ಸ್ಕ್ರೂಡ್ರೈವರೂ ಇಲ್ಲದೆ ಅಳತೆ ಸರಿಮಾಡಿಕೊಳ್ಳುವ ವ್ಯವಸ್ಥೆ ಇದೆ. ಮೇ ತಿಂಗಳ ಸೆಕೆಗೆ ಕೈ ಊದಿದಾಗ ಇದರ ಬೆಲೆ ಗೊತ್ತಾಗುತ್ತದೆ. ಬಿಳಿಯದನ್ನು ನೋಡುವಾಗ ಅದಕ್ಕೆ ಯಾವ ಚೈನು, ಯಾವ ಲಾಕು ಅಂತ ಕೇಳಿ ನೋಡಿ.

ಈಗ ಬಣ್ಣ. ಬಣ್ಣದ ಡಯಲ್‌ನಲ್ಲಿ ಟೈಮು ಸರಿಯಾಗಿ ಕಾಣಲ್ಲ ಅಂತ ಕೆಲವರು ಹೆದರಿಸುತ್ತಾರೆ. ಈ ವಾಚಿನ ಮಟ್ಟಿಗೆ ಅದು ಸುಳ್ಳು. ಮೂರರಲ್ಲೂ ಒಳಗಿನ ಎರಡು ಪುಟ್ಟ ಡಯಲ್‌ಗಳು ಕಪ್ಪೇ, ಅದಕ್ಕೇ ಬಿಳಿಯದಕ್ಕೆ ಪಾಂಡಾ ಅನ್ನೋ ಹೆಸರು. ಮೂರೂ ಚೆನ್ನಾಗಿ ಓದಲು ಬರುತ್ತವೆ.

ತೊಂದರೆ ಬೇರೆ ಕಡೆ ಇದೆ. ನಿಮ್ಮದು ದಿನಾ ಕಟ್ಟುವ ಒಂದೇ ವಾಚು. ಅದು ಆಫೀಸ್ ಮೀಟಿಂಗಿಗೂ ಬರುತ್ತದೆ, ಗೃಹಪ್ರವೇಶಕ್ಕೂ ಬರುತ್ತದೆ, ಸಾವಿನ ಮನೆಗೂ ಬರುತ್ತದೆ. ಗುಲಾಬಿ ವಾಚು ಕಟ್ಟಿಕೊಂಡು ಹೆಣದ ಮುಂದೆ ಕೈಮುಗಿಯುವಾಗ ತೋಳು ಕೆಳಗೆ ಎಳೆದುಕೊಳ್ಳಬೇಕು ಅನ್ನಿಸಿದರೆ ಆ ವಾಚು ನಿಮಗೆ ಒಬ್ಬಂಟಿಯಾಗಿ ಸಾಲದು ಅಂತ ಅರ್ಥ. ದಿನಾ ಕಟ್ಟಲು ಕಪ್ಪೋ ಬಿಳಿಯೋ ಇನ್ನೊಂದು ಇದ್ದಿದ್ದರೆ ನಾನೇ ಗುಲಾಬಿ ತಗೊಳ್ಳಿ ಅನ್ನುತ್ತಿದ್ದೆ. ಮೂರರಲ್ಲಿ ಮನಸ್ಸಿಗೆ ಜಾಸ್ತಿ ಖುಷಿ ಕೊಡುವುದು ಅದೇ.

ತಿಳಿನೀಲಿ ಬಗ್ಗೆ ಮಾತ್ರ ನನಗೆ ಸ್ವಲ್ಪ ಅನುಮಾನ. 2020ರಲ್ಲಿ ರೋಲೆಕ್ಸ್ ಈ ಟರ್ಕಾಯ್ಸ್ ಬಣ್ಣದ ಆಯ್‌ಸ್ಟರ್ ಪರ್ಪೆಚುವಲ್ ತಂದಿತು. 2021ರ ಡಿಸೆಂಬರ್‌ನಲ್ಲಿ ಪಾಟೆಕ್ ಫಿಲಿಪ್‌ನವರು ಅಮೆರಿಕದ ಆಭರಣದಂಗಡಿ ಟಿಫಾನಿಯ ನೀಲಿ ಬಣ್ಣದಲ್ಲಿ ನಾಟಿಲಸ್ ವಾಚು 170 ಮಾತ್ರ ಮಾಡಿ, ಅದರಲ್ಲಿ ಒಂದು ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಆಮೇಲೆ ಕೇಳಬೇಕೇ, ದುಬಾರಿಯಿಂದ ಅಗ್ಗದವರೆಗೆ ಎಲ್ಲರ ಅಂಗಡಿಯಲ್ಲೂ ಅದೇ ಬಣ್ಣ. ಫ್ಲೆಮಿಂಗೊ ಬ್ಲೂ ಬಂದದ್ದು 2025ರಲ್ಲಿ. ಮದುವೆ ಊಟದಲ್ಲಿ ಮೂರನೇ ಪಂಕ್ತಿಗೆ ಬಂದ ಪಾಯಸದ ಹಾಗೆ. ರುಚಿಗೆ ಕೊರತೆ ಇಲ್ಲ, ಆದರೆ ಎಲ್ಲರೂ ಉಂಡು ಆಗಿದೆ. ನಿಮ್ಮ ಮನೆಯವರಿಗೆ ಈ ವಾಕ್ಯ ತೋರಿಸಬೇಡಿ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಶೋರೂಮಿನ ದೀಪದ ಕೆಳಗೆ ನಿರ್ಧಾರ ಮಾಡಬೇಡಿ, ಅಲ್ಲಿ ಎಲ್ಲ ಡಯಲ್ಲೂ ಹೊಳೆಯುತ್ತದೆ. ಕೇಳಿಕೊಂಡು ಬಾಗಿಲ ಹತ್ತಿರ ಬಿಸಿಲಿಗೆ ತನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಗುಲಾಬಿ ಸ್ವಲ್ಪ ಪೇಲವ ಆಗುತ್ತದೆ, ಹಳದಿ ದೀಪದಲ್ಲಿ ಟರ್ಕಾಯ್ಸ್ ಹಸಿರಿಗೆ ತಿರುಗುತ್ತದೆ. ಬಿಳಿಯಲ್ಲಿ ನೋಡಬೇಕಾದ್ದು ಮುಳ್ಳು. ವಾಲಿಸಿ ಹಿಡಿದಾಗ ಮುಳ್ಳು ಡಯಲ್‌ನಲ್ಲಿ ಕರಗಿಹೋಗುತ್ತಾ ಅಂತ ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿ. ಕನ್ನಡಕ ಹಾಕಿಯೂ ನೋಡಿ, ತೆಗೆದೂ ನೋಡಿ.

ಪ್ರಶ್ನೆ: ಗಂಡಸರು ಗುಲಾಬಿ ವಾಚು ಕಟ್ಟಿದರೆ ಜನ ನಗುತ್ತಾರಾ?
— ಓದುಗರು, ದಾವಣಗೆರೆ

ಉತ್ತರ: ನಗುತ್ತಾರೆ. ಒಂದು ವಾರ. ಆಮೇಲೆ ಎಷ್ಟಾಯಿತು ಅಂತ ಕೇಳುತ್ತಾರೆ.

ಟ್ಯೂಡರ್‌ನ ಗುಲಾಬಿ 2024ರಲ್ಲಿ ಬಂದದ್ದೇ ಫುಟ್‌ಬಾಲ್ ನೆಪದಲ್ಲಿ. ಡೇವಿಡ್ ಬೆಕ್‌ಹ್ಯಾಮ್ ಪಾಲುದಾರಿಕೆಯ ಇಂಟರ್ ಮಯಾಮಿ ತಂಡದ ಜೆರ್ಸಿ ಬಣ್ಣ ಅದು, ಮೆಸ್ಸಿ ಆಡುವುದೂ ಅದೇ ಜೆರ್ಸಿಯಲ್ಲಿ. ತಮಾಷೆ ಏನೆಂದರೆ ಈ ವಾಚಿನ ಬಲಗಡೆಯ ಪುಟ್ಟ ಡಯಲ್ 45 ನಿಮಿಷದವರೆಗೆ ಎಣಿಸುತ್ತದೆ, ಫುಟ್‌ಬಾಲ್‌ನ ಸರಿಯಾಗಿ ಅರ್ಧ ಆಟ. ಬೇಕೆಂದೇ ಮಾಡಿದ್ದಲ್ಲ, 1970ರ ಟ್ಯೂಡರ್‌ನ ಮೊದಲ ಕ್ರೊನೊಗ್ರಾಫಿನಲ್ಲೂ ಹಾಗೇ ಇತ್ತು.

ಬಣ್ಣ ಅಂದರೆ ಶೋಕಿ ಅನ್ನುವವರಿಗೆ ಇನ್ನೊಂದು ಹೇಳಿ. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ನಾಸಾ ಕೊಟ್ಟ ವಾಚಿನ ಜೊತೆಗೆ ಹಳದಿ ಡಯಲ್‌ನ ತನ್ನದೇ ಸೀಕೊ 6139 ಅನ್ನು ಒಯ್ದಿದ್ದ, 84 ದಿನದ ಆ ಯಾತ್ರೆಯಲ್ಲಿ ಅದನ್ನು ಕಟ್ಟಿದ. ಆ ಮಾಡೆಲ್‌ಗೆ ಇವತ್ತಿಗೂ ಅಭಿಮಾನಿಗಳು ಕರೆಯುವುದು ಪೋಗ್ ಅಂತಲೇ. ಅದರ ಮೋಹಕ್ಕೆ ಬಿದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ, ಹುಷಾರು. ಮಾರುಕಟ್ಟೆಯಲ್ಲಿ ಮತ್ತೆ ಬಣ್ಣ ಬಳಿದ ಡಯಲ್‌ಗಳು ಬೇಕಾದಷ್ಟಿವೆ. ಐವತ್ತು ವರ್ಷ ಹಳೆಯ ವಾಚಿನ ಹಳದಿ ಹೊಸದರ ಹಾಗೆ ಪಳಪಳ ಅಂತಿದ್ದರೆ ಅಲ್ಲೇ ಅನುಮಾನ ಪಡಿ.

ಪ್ರಶ್ನೆ: ಬಣ್ಣದ ಡಯಲ್‌ಗೆ ಮುಂದೆ ಬೆಲೆ ಏರುತ್ತದಂತೆ, ಪಾಲ್ ನ್ಯೂಮನ್ ಡೇಟೋನಾ ಉದಾಹರಣೆ ಕೊಡುತ್ತಾರೆ. ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಉದಾಹರಣೆ ನಿಜ, ಪಾಠ ತಪ್ಪು. ರೋಲೆಕ್ಸ್ ಡೇಟೋನಾದ ಆ ವಿಚಿತ್ರ ಡಯಲ್‌ಗಳು ಬಂದ ಕಾಲದಲ್ಲಿ ಯಾರಿಗೂ ಬೇಡವಾಗಿ ಅಂಗಡಿಯಲ್ಲೇ ಉಳಿಯುತ್ತಿದ್ದವು. ಮಾರಾಟ ಕಮ್ಮಿ, ಹಾಗಾಗಿ ಉಳಿದವೂ ಕಮ್ಮಿ. ಮುಂದೆ ಅದಕ್ಕೆ ನಟ ಪಾಲ್ ನ್ಯೂಮನ್ ಹೆಸರು ಅಂಟಿಕೊಂಡಿತು. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋದದ್ದು ಸ್ವತಃ ಅವನ ಕೈಯಲ್ಲಿದ್ದ ವಾಚು, ಹೆಂಡತಿ ಜೊಆನ್ ವುಡ್‌ವರ್ಡ್ ಕೊಟ್ಟಿದ್ದು. ನಿಮ್ಮ ಕೈಯಲ್ಲಿ ಇದ್ದುದಕ್ಕೆ ಯಾರೂ ಅಷ್ಟು ಕೊಡಲ್ಲ, ನನ್ನ ಕೈಯಲ್ಲಿ ಇದ್ದುದಕ್ಕೂ ಕೊಡಲ್ಲ. ಬೆಲೆ ಏರಲಿ ಅಂತ ಬಣ್ಣ ಆರಿಸುವವರು ವಾಚನ್ನು ಡಬ್ಬಿಯಲ್ಲೇ ಇಡುತ್ತಾರೆ, ಮೇಲಿನ ಪ್ಲಾಸ್ಟಿಕ್ ಕೂಡ ಕೀಳುವುದಿಲ್ಲ. ಆ ದುಡ್ಡಿಗೆ ಎಫ್‌ಡಿ ಮಾಡಿಸಿ, ಕಮ್ಮಿ ಚಿಂತೆ.

ಪ್ರಶ್ನೆ: ಈಗ ಕಪ್ಪು ಡಯಲ್ ಕೊಂಡು, ಬೇಜಾರಾದಾಗ ಡಯಲ್ ಮಾತ್ರ ಬದಲಾಯಿಸಬಹುದಾ? ಬಣ್ಣ ಮಾಸುತ್ತದಾ?
— ಓದುಗರು, ಮಂಗಳೂರು

ಉತ್ತರ: ಮೊದಲನೆಯದಕ್ಕೆ, ಆ ಯೋಚನೆ ಬಿಡಿ. ಇಂಥ ಕಂಪನಿಗಳು ಡಯಲ್ಲನ್ನು ಬಿಡಿಯಾಗಿ ಕೈಗೆ ಕೊಡುವುದಿಲ್ಲ. ಹೊರಗಿನವರಿಂದ ಹಾಕಿಸಿದರೆ ಗ್ಯಾರಂಟಿಯೂ ಹೋಯಿತು, ಮಾರುವಾಗಿನ ಬೆಲೆಯೂ ಹೋಯಿತು. ಬೇಜಾರಾದರೆ ಸ್ಟ್ರಾಪ್ ಬದಲಾಯಿಸಿ. ಕಪ್ಪು ಡಯಲ್‌ಗೆ ಕಿತ್ತಳೆ ಸ್ಟ್ರಾಪ್ ಹಾಕಿ ನೋಡಿ, ಬೇರೇನೇ ವಾಚು ಅನ್ನಿಸುತ್ತದೆ.

ಮಾಸುವ ವಿಷಯ. 1960ರ ಸುಮಾರಿನ ಕೆಲವು ಒಮೆಗಾ ಸ್ಪೀಡ್‌ಮಾಸ್ಟರ್‌ಗಳ ಕಪ್ಪು ಡಯಲ್ ಬಿಸಿಲಿಗೆ ಕಾಫಿ ಬಣ್ಣಕ್ಕೆ ತಿರುಗಿವೆ, ಅವನ್ನು 'ಟ್ರಾಪಿಕಲ್' ಅಂತ ಕರೆದು ಈಗ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ! ಈಗಿನ ಬಣ್ಣಗಳು ಅಷ್ಟು ಸುಲಭವಾಗಿ ಮಾಸುವುದಿಲ್ಲ, ಆದರೂ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಣಗಲು ಬಿಡಬೇಡಿ. ಕರಾವಳಿಯವರು ಹೆದರಬೇಕಾದದ್ದು ಬಿಸಿಲಿಗಲ್ಲ, ತೇವಕ್ಕೆ. ಬ್ಲ್ಯಾಕ್ ಬೇ ಕ್ರೊನೊ ಥರದ ವಾಚಿನಲ್ಲಿ ಪಕ್ಕದ ಬಟನ್‌ಗಳನ್ನು ತಿರುಗಿಸಿ ಬಿಗಿ ಮಾಡಬೇಕು. ಸಡಿಲ ಬಿಟ್ಟು ಸಮುದ್ರಕ್ಕೆ ಇಳಿದು ಡಯಲ್ ಮೇಲೆ ಕಲೆ ಬಿತ್ತು ಅಂದರೆ ಬಣ್ಣದ ತಪ್ಪಲ್ಲ.

ಪ್ರಶ್ನೆ: ತಮ್ಮ ದುಬೈಯಲ್ಲಿದ್ದಾನೆ, ತರಿಸಲೇ?
— ಓದುಗರು, ಉಡುಪಿ

ಉತ್ತರ: ಮಿತಿಗಿಂತ ಜಾಸ್ತಿ ಬೆಲೆಯದ್ದಾದರೆ ಏರ್‌ಪೋರ್ಟಿನಲ್ಲಿ ರೆಡ್ ಚಾನೆಲ್‌ಗೆ ಹೋಗಿ ಸುಂಕ ಕಟ್ಟಲು ಹೇಳಿ, ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಕೈಯಲ್ಲಿ ಕಟ್ಟಿಕೊಂಡು ಬಂದರೆ ಕೇಳಲ್ಲ ಅನ್ನುವ ಮಾತು ನಂಬಬೇಡಿ. ಸುಂಕ ಸೇರಿಸಿ ಲೆಕ್ಕ ಹಾಕಿದಾಗ ಇಲ್ಲಿನ ಬೆಲೆಗಿಂತ ಎಷ್ಟು ಉಳಿಯುತ್ತದೆ ಅಂತ ಮೊದಲು ನೋಡಿ. ಇಲ್ಲಿ ಕೊಂಡರೆ 2 ಲಕ್ಷ ದಾಟಿದ್ದಕ್ಕೆ ಪ್ಯಾನ್ ಬೇಕು. 10 ಲಕ್ಷ ದಾಟಿದರೆ 2025ರ ಏಪ್ರಿಲ್ 22ರಿಂದ ಅಂಗಡಿಯವರೇ 1% ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ತೋರಿಸಿಕೊಳ್ಳಬಹುದು.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಲಕ್ಷದ ವಾಚುಗಳ ಬಗ್ಗೆ ಓದಿ ಸಾಕಾಗಿದೆ. ನಮ್ಮಂಥವರಿಗೆ?
— ಓದುಗರು, ತುಮಕೂರು

ಉತ್ತರ: ಸಿಟ್ಟು ಅರ್ಥವಾಗುತ್ತದೆ. 2022ರ ಮಾರ್ಚ್‌ನಲ್ಲಿ ಒಮೆಗಾ ಮತ್ತು ಸ್ವಾಚ್ ಸೇರಿ ಮೂನ್‌ಸ್ವಾಚ್ ತಂದರು, ಸ್ಪೀಡ್‌ಮಾಸ್ಟರ್‌ನದೇ ಆಕಾರ, ಒಳಗೆ ಬ್ಯಾಟರಿ, 11 ಬಣ್ಣ. ಗುಲಾಬಿಗೆ ಶುಕ್ರ, ತಿಳಿನೀಲಿಗೆ ಯುರೇನಸ್ ಅಂತ ಗ್ರಹಗಳ ಹೆಸರಿಟ್ಟರು. ಅದೂ ಕಾಲೇಜು ಹುಡುಗರಿಗೆ ಅಗ್ಗವೇನಲ್ಲ, ಆದರೆ ಟ್ಯೂಡರ್ ಬೆಲೆಯ ಒಂದು ಚೂರು. ಅದಕ್ಕೂ ಕಮ್ಮಿ ಬೇಕಾದರೆ ಟೈಟನ್, ಫಾಸ್ಟ್ರ್ಯಾಕ್‌ನ ಕ್ವಾರ್ಟ್ಜ್ (ಬ್ಯಾಟರಿಯ) ಕ್ರೊನೊಗ್ರಾಫ್‌ಗಳನ್ನು ನೋಡಿ.

ಕ್ರೊನೊಗ್ರಾಫ್ ಸಿಕ್ಕ ಮೇಲೆ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರದ ಮೇಲೆ ಟ್ಯಾಕಿಮೀಟರ್ (ವೇಗ ಅಳೆಯುವ) ಅಂಕಿ ಇದೆಯಾ ನೋಡಿ. ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ಸ್ಟಾಪ್‌ವಾಚ್ ಶುರು ಮಾಡಿ ಮುಂದಿನ ಕಲ್ಲಿನಲ್ಲಿ ನಿಲ್ಲಿಸಿ; 40 ಸೆಕೆಂಡ್ ಹಿಡಿದರೆ ಮುಳ್ಳು 90 ತೋರಿಸುತ್ತದೆ, ಅದೇ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ ನಿಮ್ಮ ಬಸ್ಸಿನ ವೇಗ. ಮೈಸೂರು ರಸ್ತೆಯಲ್ಲಿ ಪ್ರಯತ್ನಿಸಿ. ಸಿಲ್ಕ್ ಬೋರ್ಡ್‌ನಲ್ಲಿ ಬೇಡ, ಆ ಅಂಕಿಗಳು ಸಾಮಾನ್ಯವಾಗಿ 60ಕ್ಕಿಂತ ಕೆಳಗೆ ಇಳಿಯುವುದಿಲ್ಲ.