‘ಮರೆತುಹೋದ ಲೇಖಕಿ’ಯ ಬಗ್ಗೆ ಬರೆದವರಿಗೆ

ನಮಸ್ಕಾರ.

ಕೃಪಾಬಾಯಿ ಸತ್ಯನಾಥನ್ ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಿಷಯವನ್ನೇ ಬಿಟ್ಟುಬಿಡಿ ಎನ್ನುತ್ತಿಲ್ಲ. ಹೊಸದಾಗಿ ಬರೆಯಿರಿ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೇಖನದ ಮುಕ್ಕಾಲು ಭಾಗ ಅವರ ಜೀವನಚರಿತ್ರೆ. 1862ರಲ್ಲಿ ಅಹ್ಮದ್‌ನಗರದಲ್ಲಿ ಹುಟ್ಟಿದ್ದು, ಬ್ರಾಹ್ಮಣರಾಗಿದ್ದ ತಂದೆ ತಾಯಿ ಕ್ರೈಸ್ತರಾದದ್ದು, 1878ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ್ದು, ಆರೋಗ್ಯ ಕೆಟ್ಟು ಓದು ನಿಂತದ್ದು, ಮದುವೆ, ಊಟಿ, ಮಗುವಿನ ಸಾವು, 1894ರಲ್ಲಿ ಮೂವತ್ತೆರಡನೇ ವಯಸ್ಸಿಗೇ ತೀರಿಕೊಂಡದ್ದು. ಇದೆಲ್ಲ ಅವರ ಪುಸ್ತಕದ ಮುನ್ನುಡಿಯಲ್ಲೇ ಸಿಗುತ್ತದೆ, ಅಲ್ವಾ? ಅವರ ‘ಸಗುಣಾ’ ಕಾದಂಬರಿಗೆ ನೀವು ಕೊಟ್ಟಿರುವುದು ಎರಡೇ ಪ್ಯಾರಾ. ಆ ಎರಡರಲ್ಲೂ ‘ಭಾರತದ ಮಹಿಳೆಯೊಬ್ಬರು ಇಂಗ್ಲಿಷಿನಲ್ಲಿ ಬರೆದ ಮೊದಲ ಆತ್ಮಕಥಾತ್ಮಕ ಕಾದಂಬರಿ’ ಅನ್ನುವ ಮಾತೇ ಸುತ್ತಿ ಸುತ್ತಿ ಬರುತ್ತದೆ. ಮೊದಲನೆಯದು ಅಂತ ಯಾರೂ ಕಾದಂಬರಿ ಓದುವುದಿಲ್ಲ.

ಪುಸ್ತಕವನ್ನೇ ತೆರೆದು ನೋಡಿ. ತನ್ನದೇ ಬದುಕನ್ನು ಇಟ್ಟುಕೊಂಡು ಬರೆಯಲು ಕೂತ ಹೆಂಗಸು ತನ್ನಿಂದ ಶುರು ಮಾಡುವುದಿಲ್ಲ. ನಾಯಕಿ ಸಗುಣಾಳ ತಾಯಿ ರಾಧಾಳಿಂದ ಶುರು ಮಾಡುತ್ತಾಳೆ. ರಾಧಾ ಚಿಕ್ಕ ವಯಸ್ಸಿನಲ್ಲೇ ಮದುವೆಯಾದವಳು, ಸಂಪ್ರದಾಯದ ಮನೆಯಲ್ಲಿ ಬೆಳೆದವಳು. ಗಂಡ ಹರಿಚಂದ್ರ ಓದುತ್ತಾ, ಯೋಚಿಸುತ್ತಾ ಕ್ರೈಸ್ತನಾಗುತ್ತಾನೆ. ಅದು ಅವನು ಆರಿಸಿಕೊಂಡ ದಾರಿ, ಅವಳದ್ದಲ್ಲ. ಆದರೂ ಮನೆ, ನಂಟರು, ಮಡಿ ಎಲ್ಲ ಕಳೆದುಕೊಳ್ಳಬೇಕಾದವಳು ಅವಳೇ. ಮತಾಂತರವನ್ನು ಗಂಡಸರ ವಾದವಿವಾದವಾಗಿ ಬರೆದವರು ಆ ಕಾಲದಲ್ಲಿ ಬೇಕಾದಷ್ಟು ಜನ. ಮನೆಯ ಒಳಗಿನಿಂದ, ಹೆಂಡತಿಯ ಕಡೆಯಿಂದ ಅದನ್ನು ಕಾಣಿಸಿದ್ದು ನನಗೆ ಈ ಪುಸ್ತಕದ ದೊಡ್ಡ ಸಾಧನೆ. ರಾಧಾಳ ಹೆಸರೇ ಇಲ್ಲ ನಿಮ್ಮ ಲೇಖನದಲ್ಲಿ!

ಸಗುಣಾಳ ಅಣ್ಣ ಭಾಸ್ಕರನೂ ಇಲ್ಲ. ತಂಗಿಗೆ ಪುಸ್ತಕದ ರುಚಿ ಹತ್ತಿಸಿದವನು ಅವನು. ಅವಳನ್ನು ಸರಿಸಮಳಾಗಿ ನೋಡಿದವನು. ಅವನ ಸಾವಿನಿಂದ ಅವಳಿಗಾದ ನಷ್ಟ ಅಣ್ಣನೊಬ್ಬನದ್ದಲ್ಲ, ಮಾತಾಡಲು ಇದ್ದ ಜೊತೆಗಾರನದ್ದೂ ಹೌದು. ‘ಸಗುಣಾ’ ಕುಟುಂಬದ ಕಾದಂಬರಿ. ನೀವು ಮನೆಮಂದಿಯನ್ನೆಲ್ಲ ಹೊರಗೆ ಕಳಿಸಿ ನಾಯಕಿಯನ್ನು ಒಬ್ಬಳನ್ನೇ ನಿಲ್ಲಿಸಿದ್ದೀರಿ. ಜೊತೆಗೆ ಒಂದು ಕಡೆ ‘ಸಗುಣಾ ಮದ್ರಾಸಿಗೆ ಬಂದರು’, ಇನ್ನೊಂದು ಕಡೆ ‘ಕೃಪಾಬಾಯಿ ಮದ್ರಾಸಿಗೆ ಬಂದಳು’. ಲೇಖಕಿ ಯಾರು, ಪಾತ್ರ ಯಾರು ಅನ್ನುವುದು ನಿಮಗೇ ಸ್ಪಷ್ಟ ಇಲ್ಲ ಅನಿಸುತ್ತದೆ.

‘ಕ್ರೈಸ್ತ ಮಿಷನ್ನಿನ ನೆರಳಲ್ಲಿ ಬರೆದವರು’ ಅಂತ ಸುಮ್ನೆ ಒಂದು ಸಾಲು ಹಾಕಿದ್ದೀರಿ. ದೇಶೀಯರನ್ನು ಕೀಳಾಗಿ ನೋಡುವ ಬಿಳಿಯ ಮಿಷನರಿಗಳನ್ನು ಇದೇ ಕಾದಂಬರಿ ಹೇಗೆ ಕುಟುಕುತ್ತದೆ ನೋಡಿ. ಅಂಥ ಒಂದು ಸನ್ನಿವೇಶ ತೋರಿಸಿದರೆ ಸಾಕು, ಆ ಸಾಲೇ ಬೇಡ.

ಇನ್ನು ‘ಬದುಕಿದ್ದಾಗ ಯಾರೂ ಗುರುತಿಸಲಿಲ್ಲ’ ಅನ್ನುವ ಮಾತು. ಇದು ತಪ್ಪು. ‘ಸಗುಣಾ’ 1887–88ರಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜ್ ಮ್ಯಾಗಜೀನಿನಲ್ಲಿ ಧಾರಾವಾಹಿಯಾಗಿ ಬಂತು. 1895ರಲ್ಲಿ, ಅವರು ತೀರಿಕೊಂಡ ಮೇಲೆ, ಪುಸ್ತಕವಾಯಿತು. ಆಮೇಲೆ ತಮಿಳಿಗೂ ಹೋಯಿತು. ಓದುಗರು ಇದ್ದರು, ಆಮೇಲೆ ಮರೆತರು. ನಿಜವಾದ ಪ್ರಶ್ನೆ ಅಲ್ಲಿದೆ. ನನ್ನ ಅಂದಾಜು ಹೇಳುವುದಾದರೆ, ಕ್ರೈಸ್ತ ಬದುಕಿನ ಕಥೆ, ಅದೂ ಇಂಗ್ಲಿಷಿನಲ್ಲಿ; ಮುಂದೆ ಬಂದ ರಾಷ್ಟ್ರೀಯತೆಯ ಗಾಳಿಯಲ್ಲಿ ಅದನ್ನು ‘ನಮ್ಮದು’ ಅನ್ನುವವರು ಕಡಿಮೆ ಇದ್ದರು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಭಾರತೀಯ ಮಹಿಳಾ ಬರಹಗಳ ತಮ್ಮ ಸಂಕಲನಕ್ಕೆ ಅವರನ್ನು ಸೇರಿಸಿದರು. 1998ರಲ್ಲಿ ಚಾಂದನಿ ಲೊಕುಗೆ ಸಂಪಾದಿಸಿದ ಆಕ್ಸ್‌ಫರ್ಡ್ ಆವೃತ್ತಿಗಳು ಬಂದವು. ನಿಮ್ಮ ಕೈಗೆ ಪುಸ್ತಕ ಸಿಕ್ಕಿದ್ದೇ ಇಂಥವರ ಕೆಲಸದಿಂದ. ಅವರ ಹೆಸರು ಹೇಳದೆ ‘ಕಾಲವೇ ಅವರನ್ನು ಮರಳಿ ತಂದಿತು’ ಅಂತ ಬರೆದರೆ ಹೇಗೆ?

ಒಂದು ಕಡೆ ಮಾತ್ರ ನಾನು ಎದ್ದು ಕೂತೆ. ಅವರ ಇನ್ನೊಂದು ಕಾದಂಬರಿ, 1894ರ ‘ಕಮಲಾ’ವನ್ನು 1899ರ ನಮ್ಮ ಕನ್ನಡ ಕಾದಂಬರಿ ‘ಇಂದಿರಾಬಾಯಿ’ ಜೊತೆ ಇಟ್ಟು ನೋಡಬಹುದು ಅಂದಿದ್ದೀರಿ. ಅಂದು, ಅಲ್ಲೇ ಬಿಟ್ಟಿದ್ದೀರಿ! ಗುಲ್ವಾಡಿ ವೆಂಕಟರಾಯರ ಇಂದಿರಾ ವಿಧವೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಕಮಲಾಳೂ ವಿಧವೆ. ಅವಳನ್ನು ಪ್ರೀತಿಸುವ ರಾಮಚಂದ್ರ ಮದುವೆಯಾಗೋಣ ಅನ್ನುತ್ತಾನೆ, ಅವಳು ಒಪ್ಪುವುದಿಲ್ಲ. ಗಂಡಸು ಬರೆದ ಕಾದಂಬರಿಯಲ್ಲಿ ಮದುವೆ ಆಗುತ್ತದೆ, ಸ್ವತಃ ಓದಿಗಾಗಿ ಒದ್ದಾಡಿದ ಹೆಂಗಸು ಬರೆದದ್ದರಲ್ಲಿ ಆಗುವುದಿಲ್ಲ. ಯಾಕೆ? ಅಂಜಿಕೆಯೋ, ಆ ಕಾಲದ ವಾಸ್ತವವೋ, ಮದುವೆ ಒಂದೇ ದಾರಿ ಅಲ್ಲ ಅನ್ನುವ ಹಟವೋ? ನನಗೆ ಮೂರನೆಯದರ ಕಡೆ ಒಲವು. ನೀವು ಒಪ್ಪದಿದ್ದರೆ ಇನ್ನೂ ಒಳ್ಳೆಯದು.

ಜೀವನಚರಿತ್ರೆಯನ್ನು ಒಂದು ಪ್ಯಾರಾಕ್ಕೆ ಇಳಿಸಿ. ‘ಧೀಮಂತ’, ‘ಅಪ್ರತಿಮ’, ‘ಧ್ರುವತಾರೆ’ ಮೂರನ್ನೂ ತೆಗೆಯಿರಿ. ರಾಧಾಳ ಅಧ್ಯಾಯಗಳಿಂದ ಶುರು ಮಾಡಿ, ಇಲ್ಲವೇ ಎರಡು ವಿಧವೆಯರಿಂದ. ಎರಡನ್ನೂ ಒಂದೇ ಲೇಖನಕ್ಕೆ ತುರುಕಬೇಡಿ. ಬರೆದದ್ದನ್ನು ನನಗೇ ಕಳಿಸಿ.