ಸ್ಟ್ರೋಕ್ ಆದ ಮೇಲೆ ಅಪ್ಪನ ಎದೆಯ ಚರ್ಮದ ಕೆಳಗೆ ಹೃದಯ ಬಡಿತದ ಮಾನಿಟರ್ ಇಟ್ಟಿದ್ದಾರೆ. ರಾಯಚೂರಿನಲ್ಲಿ ಮೊದಲಿನ ಹಾಗೆ ಹೊಲ, ಊರು ಅಂತ ಓಡಾಡಬಹುದಾ?

ಗಾಯ ಮಾಯುವ ತನಕ ನೀರು, ಬೆವರು ತಾಗದಂತೆ ನೋಡಿಕೊಳ್ಳಿ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಅದೇ ದೊಡ್ಡ ಕೆಲಸ! ಆಮೇಲೆ ಈ ಯಂತ್ರದ ಕಾರಣಕ್ಕೆ ಮನೆಯಲ್ಲೇ ಕೂರಬೇಕಿಲ್ಲ, ಸ್ಟ್ರೋಕ್‌ನಿಂದ ಕೈಕಾಲಿಗೆ ಎಷ್ಟು ಶಕ್ತಿ ಉಳಿದಿದೆ ಅನ್ನೋದೇ ಮುಖ್ಯ.

ಇದು ಲೂಪ್ ರೆಕಾರ್ಡರ್. ಬಡಿತ ಸರಿಮಾಡುವ ಪೇಸ್‌ಮೇಕರ್ ಅಲ್ಲ, ಬಡಿತವನ್ನು ಸುಮ್ನೆ ದಾಖಲು ಮಾಡುತ್ತದೆ ಅಷ್ಟೇ. ಎಡಗಡೆ ಚರ್ಮದ ಕೆಳಗೆ ಬೆರಳಿಗೆ ಗಟ್ಟಿ ಕಡ್ಡಿಯಂತೆ ಸಿಗುತ್ತದೆ, ಒತ್ತಿ ಒತ್ತಿ ನೋಡೋದು ಬೇಡ.

ಯಾಕೆ ಹಾಕ್ತಾರೆ? ಹೃದಯದ ಮೇಲಿನ ಕೋಣೆ ಆಗಾಗ ತಾಳ ತಪ್ಪಿ ಅದುರಿದರೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಆದರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಬಂದು ಹೋಗುವ ಈ ತೊಂದರೆ ಒಂದು ಇಸಿಜಿಗೆ ಸಿಗೋದು ಕಷ್ಟ. 2014ರ ಕ್ರಿಸ್ಟಲ್ ಎಎಫ್ ಅಧ್ಯಯನದಲ್ಲಿ, ಕಾರಣ ಗೊತ್ತಾಗದ ಸ್ಟ್ರೋಕ್ ಆದವರಲ್ಲಿ, 3 ವರ್ಷದೊಳಗೆ ಮಾನಿಟರ್ ಇದ್ದವರಲ್ಲಿ ಸುಮಾರು 30% ಜನರಿಗೆ ಇದು ಪತ್ತೆಯಾಯಿತು, ಮಾಮೂಲಿ ತಪಾಸಣೆಯವರಲ್ಲಿ ಬರೀ 3%. ಸಿಕ್ಕರೆ ಡಾಕ್ಟರು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದ ಮಾತ್ರೆಗೆ ಬದಲಾಯಿಸುತ್ತಾರೆ. ಅಲ್ಲಿವರೆಗೆ ಕೊಟ್ಟ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಮಾನಿಟರ್‌ನ ಮಾಹಿತಿಯನ್ನು ಆಸ್ಪತ್ರೆಗೆ ಕಳಿಸಲು ಮಂಚದ ಪಕ್ಕ ಇಡುವ ಯಂತ್ರ ಕೊಟ್ಟಿದ್ದರೆ ರಾತ್ರಿ ಅದರ ಪ್ಲಗ್ ತೆಗೆಯಬೇಡಿ. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತೆ, ನಮ್ಮೂರಲ್ಲಿ ಹೋಗುತ್ತಿರುತ್ತೆ, ಏನ್ ಮಾಡೋದು! ಎಂಆರ್‌ಐಗೆ ಹೋದಾಗ ಎದೆಯೊಳಗಿನ ಮಾನಿಟರ್‌ನ ಕಾರ್ಡ್ ಮೊದಲೇ ತೋರಿಸಿ. ಮೊಬೈಲನ್ನು ಅಂಗಿಯ ಎಡ ಜೇಬಿನಲ್ಲಿ ಇಡದಿದ್ದರೆ ಒಳ್ಳೆಯದು.

ಒಂದು ತಪ್ಪು ತಿಳುವಳಿಕೆ ಜಾಸ್ತಿ ಇದೆ: ಏನಾದರೂ ಆದರೆ ಆಸ್ಪತ್ರೆಯವರಿಗೆ ತಾನಾಗಿ ಗೊತ್ತಾಗುತ್ತೆ ಅಂತ. ಇಲ್ಲ. ಮಾಹಿತಿಯನ್ನು ಅವರು ನಂತರ ನೋಡುತ್ತಾರೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ.